ಸ್ತನದ ಗಂಟು ಮತ್ತು ಉದ್ಯಮಿಯ ಹೊಣೆ

ದೇವನೂರಿನ ಕಡೆಯಿಂದ ನಂಜನಗೂಡಿನ ಕಾರ್ಖಾನೆಗೆ ಬರುವ ಹೆಣ್ಣುಮಗಳೊಬ್ಬಳು ಸ್ತನದಲ್ಲಿ ಗಂಟು ಕಂಡಾಗ, ದಿನದ ಕೂಲಿ ತಪ್ಪೀತೆಂದು ತಪಾಸಣೆಯನ್ನು ಮುಂದೂಡಬಾರದು. ಇಂತಹ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಕ್ಯಾನ್ಸರ್ ಯಾವುದೆಂದು ಬೇರ್ಪಡಿಸುವುದೇ ಪ್ರಶ್ನೆ.

ಇದಕ್ಕೆ ನೆರವಾಗುವ ಒಂದು ವಿಧಾನ ಡಿಫ್ಯೂಷನ್ ಎಂ.ಆರ್.ಐ. ಅಂಗಾಂಶದೊಳಗೆ ನೀರಿನ ಕಣಗಳ ಚಲನೆಯನ್ನು ಇದು ಅಳೆಯುತ್ತದೆ. ಜೀವಕೋಶಗಳು ಒತ್ತಾಗಿರುವ ಕ್ಯಾನ್ಸರ್ ಗಂಟಿನಲ್ಲಿ ಆ ಚಲನೆ ಸಾಮಾನ್ಯವಾಗಿ ಕುಗ್ಗಿರುತ್ತದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಎಂ.ಆರ್.ಐ.ಯಲ್ಲಿ ಸಂಶಯಾಸ್ಪದವಾಗಿ ಕಂಡ ಗಂಟುಗಳಿಗೆ ಈ ಅಳತೆಯನ್ನು ಅನ್ವಯಿಸಿದ್ದರೆ, ಕ್ಯಾನ್ಸರ್ ಪತ್ತೆಗೆ ಕುಂದಿಲ್ಲದೆ ಬಯಾಪ್ಸಿಗಳನ್ನು ಶೇ. 20.9ರಷ್ಟು ತಗ್ಗಿಸಬಹುದಾಗಿತ್ತು.

ಆದರೆ ಕೆಲವು ಬಗೆಯ ಕ್ಯಾನ್ಸರ್ ಈ ಅಳತೆಯಲ್ಲಿ ನಿರಪಾಯಕಾರಿಯಂತೆ ತೋರುವುದುಂಟು. ತಾಳೆಪಟ್ಟಿ ಹೊಂದಿದ ಮಾತ್ರಕ್ಕೆ ಲೆಕ್ಕ ಶುದ್ಧವೆನ್ನಲಾಗದು, ವೋಚರುಗಳನ್ನು ನೋಡಲೇಬೇಕು. ಅಂತೆಯೇ ವೈದ್ಯರು ಬಯಾಪ್ಸಿ ಅಗತ್ಯವೆಂದರೆ ಮಾಡಿಸಲೇಬೇಕು.

ಪರೀಕ್ಷೆ ಯಾವುದೆಂಬುದನ್ನು ವೈದ್ಯರು ನಿರ್ಧರಿಸಲಿ. ಆಕೆ ಅವರ ಬಳಿಗೆ ವಿಳಂಬವಿಲ್ಲದೆ ಹೋಗುವಂತೆ ಮಾಡುವುದು ಉದ್ಯಮಿಗಳಾದ ತಮ್ಮ ಕೈಯಲ್ಲಿದೆ. ತಪಾಸಣೆಯ ದಿನಕ್ಕೆ ವೇತನಸಹಿತ ರಜೆ ನೀಡಿರಿ, ಇ.ಎಸ್.ಐ. ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ತಪ್ಪದೆ ಪಾವತಿಸಿರಿ. ನಾವು ಉಳಿಸಿದ ಒಂದು ದಿನದ ಕೂಲಿ ಆಕೆಯ ಜೀವಕ್ಕೆ ಎರವಾಗದಿರಲಿ.