ಒಳ್ಳೆ ಫಿಲ್ಟರ್ ಇದ್ದರೆ ಉಪ್ಪುನೀರಿನ ಟ್ಯಾಂಕಿನ ನೀರು ಬದಲಿಸುವುದೇ ಬೇಡವೇ?

ಬೇಕು. ನೀರು ತಿಳಿಯಾಗಿದ್ದರೂ ಮೀನಿನ ತ್ಯಾಜ್ಯದ ಅಮೋನಿಯಾ ಕಣ್ಣಿಗೆ ಕಾಣದು. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಫಿಲ್ಟರಿನಲ್ಲೂ ಕಲ್ಲಿನ ರಂಧ್ರಗಳಲ್ಲೂ ಬೆಳೆಯುವ ಬ್ಯಾಕ್ಟೀರಿಯಾ. ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದರೆ ಅವೇ ಸಾಯುತ್ತವೆ! ಉಳಿದ ನೈಟ್ರೇಟ್ ಹೊರಹೋಗಲು ನೀರು ಬದಲಿಸಬೇಕು. ಪ್ರೋಟೀನ್ ಸ್ಕಿಮ್ಮರ್ ಕೊಳೆಯನ್ನು ನೊರೆಯಾಗಿ ತೆಗೆಯುತ್ತದೆ, ನಿಜ. ಆದರೆ 40 ಲೀಟರಿನ ಪುಟ್ಟ ಟ್ಯಾಂಕಿಗೆ ವಾರಕ್ಕೆ 4 ಲೀಟರ್ ಬದಲಿಸುವುದೇ ಸಾಕೆಂದು ನಮ್ಮ ಅಭಿಪ್ರಾಯ.

ಹರಿಹರದಲ್ಲಿ ತುಂಗಭದ್ರೆ ಪಕ್ಕದಲ್ಲೇ ಇದ್ದರೂ ನದಿ ನೀರಾಗಲಿ ಬೋರ್‌ವೆಲ್ ನೀರಾಗಲಿ ನೇರವಾಗಿ ಬೇಡ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪಿನ ಮಿಶ್ರಣ ಹಾಕಿ, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ನಡೆಯದು. ಆವಿಯಾದಷ್ಟಕ್ಕೆ ಸಿಹಿನೀರನ್ನೇ ಸೇರಿಸಿ, ಉಪ್ಪು ಆವಿಯಾಗುವುದಿಲ್ಲ.

ಮುರ್ಡೇಶ್ವರದ ಕಡೆ ಹೋದಾಗ ನೇತ್ರಾಣಿಯಿಂದ ಹವಳದ ತುಂಡು ತರುವ ಯೋಚನೆ ಇದ್ದರೆ ಬಿಡಿ: ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯಷ್ಟೇ ರಕ್ಷಣೆಯಿದೆ.