ಹಳೆ ಗಣಕವನ್ನು ಗುಜರಿಗೆ ಹಾಕುವ ಮುನ್ನ...

ಮಾರ್ಚ್ ತಿಂಗಳು ಮುಗಿಯುತ್ತಿದ್ದಂತೆ ನಮ್ಮ ಶಾಲೆಗಳಲ್ಲಿ ಶುಚಿತ್ವದ ಹುಮ್ಮಸ್ಸು ಏಳುತ್ತದೆ. ಸ್ಟಾಕ್ ರಿಜಿಸ್ಟರ್ ಹಿಡಿದು ಹಳೆ ಕಂಪ್ಯೂಟರುಗಳನ್ನು ಎಣಿಸುತ್ತೇವೆ, ‘ಉಪಯೋಗಕ್ಕಿಲ್ಲ’ ಎಂದು ಷರಾ ಬರೆಯುತ್ತೇವೆ, ಗುಜರಿಯವನನ್ನು ಕರೆಯುತ್ತೇವೆ. ಅವುಗಳ ಜತೆಗೆ ಒಂದು ಡಬ್ಬಿ ಫ್ಲಾಪಿ, ಒಂದು ಕಟ್ಟು ಸಿ.ಡಿ.ಯೂ ಹೋಗುತ್ತದೆ. ಒಳಗೆ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಈ ಕೇಳದಿರುವಿಕೆಯ ಮೇಲೆಯೇ ನಮ್ಮ ಜಗಳ.

ಒಳಗೆ ಏನಿತ್ತೆಂದು ನಾವು ಹೇಳುತ್ತೇವೆ. ಪಠ್ಯಪುಸ್ತಕ ಕೈಗೆ ಬರುವುದು ತಡವಾದಾಗ ಮಲಯಾಳದಿಂದಲೋ ಇಂಗ್ಲಿಷಿನಿಂದಲೋ ಕನ್ನಡಕ್ಕೆ ತಂದು ಮಾಸ್ತರರು ರಾತ್ರಿ ಕೂತು ಟೈಪ್ ಮಾಡಿದ ಪಾಠಗಳಿದ್ದವು. ಪ್ರಶ್ನೆಪತ್ರಿಕೆಗಳಿದ್ದವು. ವಾರ್ಷಿಕೋತ್ಸವಕ್ಕೆ ಬರೆದ ನಾಟಕಗಳಿದ್ದವು. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆಂದು ಊರ ಹಿರಿಯರು ಹೇಳಿ ಬರೆಸಿದ, ಪುಟ ಸಾಲದೆ ಅಚ್ಚಾಗದೆ ಉಳಿದ ಲೇಖನಗಳಿದ್ದವು. ಇವೆಲ್ಲ ನುಡಿಯಲ್ಲೋ, ಬರಹದಲ್ಲೋ, ಶ್ರೀಲಿಪಿ ಹಾಕಿದ ಪೇಜ್‌ಮೇಕರಿನಲ್ಲೋ, ಅದಕ್ಕೂ ಹಿಂದಿನ ಡಾಸ್ ತಂತ್ರಾಂಶಗಳಲ್ಲೋ ಕೂತಿವೆ. 1956ರಲ್ಲಿ ಗಡಿ ಬಿದ್ದ ಮೇಲೆ ನಮ್ಮ ಕನ್ನಡದ ಕಾಗದಪತ್ರ ತಿರುವನಂತಪುರಕ್ಕೆ ಬೇಕಿಲ್ಲ, ಬೆಂಗಳೂರಿಗೆ ಗೊತ್ತಿಲ್ಲ. ಇದ್ದರೆ ನಮ್ಮ ಶಾಲೆಯ ಕಪಾಟಿನಲ್ಲಿ ಇರಬೇಕು, ಇಲ್ಲವಾದರೆ ಎಲ್ಲೂ ಇಲ್ಲ.

‘ಹಾಗಾದರೆ ತೆರೆದು ನೋಡಿ ಸ್ವಾಮಿ’ ಎನ್ನುತ್ತೀರಿ. ತೊಡಕು ಇರುವುದೇ ಅಲ್ಲಿ. ಇಂದಿನ 64 ಬಿಟ್ ವಿಂಡೋಸ್ ಡಾಸ್ ಕಾಲದ 16 ಬಿಟ್ ತಂತ್ರಾಂಶಗಳನ್ನು ಓಡಿಸುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ. ಕೇರಳದ ಶಾಲೆಗಳಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆಯ ಕಾಲದಿಂದ, 2017ರಲ್ಲಿ ಅದು ಕೈಟ್ ಆದ ಮೇಲೂ, ಇರುವುದು ಗ್ನೂ/ಲಿನಕ್ಸ್. ಸ್ವತಂತ್ರ ತಂತ್ರಾಂಶ ಒಳ್ಳೆಯದೇ, ನಮಗೆ ಅದರ ಮೇಲೆ ತಕರಾರಿಲ್ಲ. ಆದರೆ ಅದರಲ್ಲಿ ಹಳೆಯ ನುಡಿ ಕಡತವನ್ನು ತೆರೆದರೆ ಕನ್ನಡದ ಬದಲು ಏನು ಕಾಣುತ್ತದೆ? ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಎ! ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟ್ ಹೋದರೆ ಕನ್ನಡವೂ ಹೋಯಿತು.

ಇದಕ್ಕೆ ಪರಿಹಾರವಿದೆ. ಅದರ ಹೆಸರು ಎಮ್ಯುಲೇಟರ್. ಹೊಸ ಗಣಕದೊಳಗೆ ಹಳೆ ಗಣಕದ ವೇಷ ಹಾಕಿ ನಿಲ್ಲುವ ತಂತ್ರಾಂಶ ಅದು. ಒಳಗಿನ ಹಳೆ ತಂತ್ರಾಂಶಕ್ಕೆ ತಾನು 1993ರ ಗಣಕದಲ್ಲೇ ಇದ್ದೇನೆ ಎಂದು ಅನ್ನಿಸುತ್ತದೆ, ಅದು ಯಥಾಪ್ರಕಾರ ಕೆಲಸ ಮಾಡುತ್ತದೆ. ಡಾಸ್‌ಬಾಕ್ಸ್ ಎಂಬುದು 2002ರಿಂದ ಉಚಿತವಾಗಿ ಸಿಗುತ್ತಿದೆ. ಅದನ್ನು ಹಾಕಿಕೊಂಡು, ‘ಮೌಂಟ್’ ಎಂಬ ಆಜ್ಞೆಯಿಂದ ಕಡತಗಳಿರುವ ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸಿಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಮುದ್ರಣವೂ ಬೇಕೆಂದರೆ ಅದರ ತಮ್ಮನಂಥ ಡಾಸ್‌ಬಾಕ್ಸ್-ಎಕ್ಸ್ ಇದೆ, ಅದು ಪ್ರಿಂಟರಿನ ವೇಷವನ್ನೂ ಹಾಕುತ್ತದೆ. ವಿಂಡೋಸ್ ಕಾಲದ ತಂತ್ರಾಂಶಗಳಿಗೆ ಲಿನಕ್ಸಿನಲ್ಲಿ ಮೊದಲು ವೈನ್ ಪ್ರಯತ್ನಿಸಬಹುದು. ಇದು ಎಮ್ಯುಲೇಟರ್ ಅಲ್ಲವೆಂದು ಅದನ್ನು ಮಾಡಿದವರೇ ಹೇಳುತ್ತಾರೆ. ಕೆಲವು ತಂತ್ರಾಂಶ ಅದರಲ್ಲಿ ಓಡುತ್ತವೆ, ಕೆಲವು ಮುಷ್ಕರ ಹೂಡುತ್ತವೆ. ಮುಷ್ಕರ ಹೂಡಿದವಕ್ಕೆ ವರ್ಚುವಲ್‌ಬಾಕ್ಸಿನೊಳಗೆ, ಪರವಾನಗಿ ಇರುವ ಹಳೆ ವಿಂಡೋಸ್ ಎಕ್ಸ್‌ಪಿ ಸಿ.ಡಿ. ಹಾಕಿ ಒಂದು ಮನೆ ಕಟ್ಟಿಕೊಡಬೇಕು. ಎಕ್ಸ್‌ಪಿಗೆ ಸುರಕ್ಷತೆಯ ತೇಪೆಗಳು 2014ರಲ್ಲೇ ನಿಂತಿವೆ, ಹಾಗಾಗಿ ಆ ಮನೆಗೆ ಅಂತರ್ಜಾಲದ ಬಾಗಿಲು ಬೇಡ.

ಇಷ್ಟು ಹೇಳಿದರೆ ಸಹೋದ್ಯೋಗಿಗಳ ಮೊದಲ ಮಾತು: ‘ಯೂನಿಕೋಡ್ ಬಂತಲ್ಲ ಮಾಸ್ಟ್ರೇ, ಕನ್ವರ್ಟರಿಗೆ ಹಾಕಿದರಾಯಿತು.’ ಯೂನಿಕೋಡ್ ಬೇಡವೆಂದು ನಾವೆಲ್ಲಿ ಹೇಳಿದೆವು? ಕೊನೆಗೆ ಎಲ್ಲವೂ ಅಲ್ಲಿಗೇ ಬರಬೇಕು. ಆದರೆ ನುಡಿಗೊಂದು ಕ್ರಮ, ಶ್ರೀಲಿಪಿಗೊಂದು, ಆಕೃತಿಗೊಂದು. ಯಾವ ಕಡತ ಯಾವುದರಲ್ಲಿ ಹುಟ್ಟಿತೆಂದು ತಿಳಿಯದೆ ಕನ್ವರ್ಟರಿಗೆ ಹಾಕಿದರೆ ಹೊರಬರುವುದು ಕಲಸುಮೇಲೋಗರ. ಅರ್ಕಾವೊತ್ತನ್ನೇ ನೋಡಿ. ಹಳೆ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಇಡುತ್ತಿದ್ದರು, ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ಯಂತ್ರ ಎಡವಿದರೆ ‘ಸೂರ್ಯ’ನು ‘ಸೂಯ೯’ ಆಗುತ್ತಾನೆ. ತಪ್ಪಾಗಿದೆಯೋ ಇಲ್ಲವೋ ಎಂದು ತಾಳೆ ನೋಡುವುದು ಯಾವುದರ ಜತೆ? ಮೂಲದ ಜತೆ. ಮೂಲ ಕಾಣುವುದು ಮೂಲ ತಂತ್ರಾಂಶದಲ್ಲಿ. ಆದ್ದರಿಂದ ಕನ್ವರ್ಟರ್ ಇದೆ ಎಂಬುದು ಎಮ್ಯುಲೇಟರ್ ಬೇಡ ಎನ್ನಲು ಕಾರಣವಲ್ಲ, ಬೇಕು ಎನ್ನಲು ಕಾರಣ.

ಎರಡನೆಯ ಮಾತು: ‘ಅಚ್ಚಾದ ಪ್ರತಿ ಇದೆಯಲ್ಲ.’ ಅಚ್ಚಾದದ್ದಕ್ಕೆ ಇದ್ದೀತು. ಅಚ್ಚಾಗದೆ ಉಳಿದದ್ದಕ್ಕೆ? ಇನ್ನು ನಮ್ಮ ಊರಿನ ಮಳೆಗಾಲವನ್ನೂ ಗೆದ್ದಲನ್ನೂ ಬಲ್ಲವರು ಕಾಗದವನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ.

ಮೂರನೆಯದು ನಮಗೆ ಹೆಚ್ಚು ಬೇಸರ ತರುವ ಮಾತು: ‘ಎಮ್ಯುಲೇಟರ್ ಎಂದರೆ ಹಳೆ ಗೇಮ್ ಆಡುವವರ ಸಾಮಾನು.’ ಹೌದು, ಡಾಸ್‌ಬಾಕ್ಸನ್ನು ಮುಖ್ಯವಾಗಿ ಆಟಗಳಿಗೆಂದೇ ಕಟ್ಟಿದ್ದು. ಅದರ ಫಲ ನೋಡಿ. 1989ರ ಪ್ರಿನ್ಸ್ ಆಫ್ ಪರ್ಷಿಯಾ ಇಂದಿಗೂ ಬದುಕಿದೆ. 2015ರಲ್ಲಿ ಇಂಟರ್‌ನೆಟ್ ಆರ್ಕೈವ್ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಓಡುವಂತೆ ಇಟ್ಟಿತು. ಆ ರಾಜಕುಮಾರನಿಗೆ ಜಗತ್ತಿನ ತುಂಬ ಅಭಿಮಾನಿಗಳು. ನಮ್ಮ ಶಾಲೆಯ ನಾಟಕದ ಕಡತಕ್ಕೆ ಯಾರಿದ್ದಾರೆ? ಆಟಕ್ಕಾಗಿ ಅವರು ಪಟ್ಟ ಶ್ರಮದ ಹತ್ತರಲ್ಲೊಂದು ಪಾಲನ್ನು ಪಾಠಕ್ಕಾಗಿ ನಾವು ಪಡಲಾರೆವೆಂದರೆ ಕನ್ನಡ ಉಳಿಸಿ ಎಂದು ವೇದಿಕೆ ಹತ್ತುವುದು ಯಾವ ಮುಖದಿಂದ?

ಎಮ್ಯುಲೇಟರ್ ಮಂತ್ರದಂಡವೆಂದು ನಾವು ಹೇಳುತ್ತಿಲ್ಲ. ಕೆಲವು ಡಿ.ಟಿ.ಪಿ. ತಂತ್ರಾಂಶಗಳಿಗೆ ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸುವ ಬೀಗವಿತ್ತು, ಅದಿಲ್ಲದೆ ಅವು ಏಳುವುದಿಲ್ಲ. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ನಂಬಿಕೊಂಡಿದ್ದ ತಂತ್ರಾಂಶಗಳಿಗೆ ಡಾಸ್‌ಬಾಕ್ಸಿನಲ್ಲಿ ಆ ಕಾರ್ಡ್ ಸಿಗುವುದಿಲ್ಲ. ಅಂಥ ಕಡತ ಇಸ್ಕಿ ಸಂಕೇತದಲ್ಲಿದ್ದರೆ ಚಿಂತೆಯಿಲ್ಲ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿಗೂ ಯೂನಿಕೋಡಿಗೂ ಹತ್ತಿರದ ನೆಂಟಸ್ತನ, ನೇರವಾಗಿ ಬದಲಾಯಿಸಬಹುದು. ಬೀಗದ ತಂತ್ರಾಂಶಗಳಿಗಾಗಿ, ಪ್ರಿಂಟರ್ ಪೋರ್ಟ್ ಇರುವ, ಇನ್ನೂ ಜೀವವಿರುವ ಒಂದು ಹಳೆ ಗಣಕವನ್ನಾದರೂ ಉಳಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಗುಜರಿಗೆ ಕೊಡಬೇಡಿ ಎನ್ನುವುದು ಅದಕ್ಕೇ.

ಮಾಡಬೇಕಾದ ಕೆಲಸ ಇಷ್ಟು. ಮೊದಲು ಫ್ಲಾಪಿಗಳು, ಏಕೆಂದರೆ ಅವುಗಳ ಆಯುಷ್ಯವೇ ಕಡಿಮೆ. ಸೋನಿ ಕಂಪೆನಿಯೂ 2011ರಲ್ಲಿ ಅವುಗಳಿಗೆ ವಿದಾಯ ಹೇಳಿತು. ಯು.ಎಸ್.ಬಿ.ಗೆ ಸಿಕ್ಕಿಸುವ ಫ್ಲಾಪಿ ಡ್ರೈವ್ ಒಂದನ್ನು ನಾಲ್ಕು ಶಾಲೆ ಸೇರಿ ಕೊಳ್ಳಿ. ಲಿನಕ್ಸಿನ ‘ಡಿಡಿ’ ಆಜ್ಞೆಯಿಂದ ಇಡೀ ಫ್ಲಾಪಿಯ ಪಡಿಯಚ್ಚು ತೆಗೆಯಿರಿ. ಒಂದು ಫ್ಲಾಪಿಗೆ 1.44 ಎಂ.ಬಿ., ನೂರು ಫ್ಲಾಪಿ ಒಂದು ಪೆನ್‌ಡ್ರೈವಿನ ಮೂಲೆಗೂ ಸಾಲದು. ತಂತ್ರಾಂಶದ ಮೂಲ ಸಿ.ಡಿ., ಪರವಾನಗಿ ಚೀಟಿ, ಫಾಂಟುಗಳನ್ನು ಜತೆಗಿಡಿ. ಆಮೇಲೆ ಎಮ್ಯುಲೇಟರಿನಲ್ಲಿ ತೆರೆದು ಪುಟಗಳ ಚಿತ್ರ ಉಳಿಸಿ, ಯೂನಿಕೋಡಿಗೆ ತನ್ನಿ, ಎರಡನ್ನೂ ಎದುರುಬದುರು ಇಟ್ಟು ತಿದ್ದಿ. ಮೂಲ ಕಡತವನ್ನು ಮಾತ್ರ ಮುಟ್ಟಬೇಡಿ.

ಕೈಯಾಳುಗಳಿಲ್ಲವೆನ್ನಬೇಡಿ. ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಘಟಕಗಳಿವೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಡಾಸ್‌ಬಾಕ್ಸ್ ಹಾಕಲು ಒಂದು ಮಧ್ಯಾಹ್ನ ಸಾಕು. ಆ ಮಕ್ಕಳಿಗೆ ಗಣಕದ ಪಾಠವೂ ಆಯಿತು, ತಮ್ಮ ಊರಿನ ಹಿರಿಯರ ಕನ್ನಡವನ್ನು ತಿದ್ದುತ್ತ ತಿದ್ದುತ್ತ ಭಾಷೆಯ ಪಾಠವೂ ಆಯಿತು. ಆದರೆ ಯಾವ ಕಡತ ಯಾವುದರಲ್ಲಿದೆ, ಹೆಸರು ಕಿರಿದಾಗಿಸಿ ಎಂಟೇ ಅಕ್ಷರದಲ್ಲಿ ಏನೆಂದು ಇಟ್ಟಿದ್ದರು ಎಂದು ಬಲ್ಲ ಟೀಚರುಗಳು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರನ್ನು ಸನ್ಮಾನಕ್ಕೆ ಕರೆದು ಶಾಲು ಹೊದಿಸಿ ಕಳಿಸುವ ಬದಲು, ಒಂದು ದಿನ ಗಣಕದ ಮುಂದೆ ಕೂರಿಸಿ ಕೇಳಿ.

ಅಷ್ಟಾದ ಮೇಲೆ ಸ್ಟಾಕ್ ರಿಜಿಸ್ಟರಿನಲ್ಲಿ ಏನು ಬೇಕಾದರೂ ಬರೆಯಿರಿ. ಏನಂತೀರಿ?