‘ಗಂಧದ ಗುಡಿ’ಯ ಹಸುರು

ಬಿಳಿಗಿರಿ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಕಾಡನ್ನು ಕಣ್ಣಾರೆ ಬಲ್ಲ ಕೊಳ್ಳೇಗಾಲ, ಹನೂರು, ಯಳಂದೂರುಗಳ ವಿದ್ಯಾರ್ಥಿಗಳು 1973ರ ‘ಗಂಧದ ಗುಡಿ’ಯನ್ನು ಹಳೆಯ ವಿಡಿಯೋ ಸಿ.ಡಿ.ಯಲ್ಲಿ ನೋಡಿದರೆ, ಸಿಂಗಾನಲ್ಲೂರಿನ ಮನೆತನದ ರಾಜ್‌ಕುಮಾರರ ಹಿಂದೆ ಮರಗಳಿಗೆ ಬದಲು ಹಸುರು ಚೌಕಗಳು ಕಂಡಾವು. ಇದು ಛಾಯಾಗ್ರಾಹಕನ ದೋಷವೆ? ಅಲ್ಲ.

ವಿಡಿಯೋ ಸಿ.ಡಿ.ಯ ಚಿತ್ರವೊಂದರಲ್ಲಿ 352 × 288, ಅಂದರೆ ಸುಮಾರು ಒಂದು ಲಕ್ಷ ಬಿಂದುಗಳಿವೆ, ಡಿ.ವಿ.ಡಿ.ಯಲ್ಲಿ 720 × 576, ಅಂದರೆ ನಾಲ್ಕು ಲಕ್ಷಕ್ಕೂ ಮಿಗಿಲು. ಸಿ.ಡಿ.ಯಲ್ಲಿ ಚಿತ್ರಕ್ಕೆ ದೊರೆಯುವುದು ಸೆಕೆಂಡಿಗೆ ಸುಮಾರು 11.5 ಲಕ್ಷ ಬಿಟ್‌ಗಳು ಮಾತ್ರ. ಈ ಮಿತಿಗೆ ಹೊಂದಿಸಲು ಚಿತ್ರವನ್ನು ಸಣ್ಣ ಚೌಕಗಳಾಗಿ ವಿಭಜಿಸಿ, ಸೂಕ್ಷ್ಮ ವಿವರಗಳನ್ನು ಕೈಬಿಡುತ್ತಾರೆ. ಬರಿಯ ಆಕಾಶಕ್ಕೆ ಇಷ್ಟು ಸಾಕು; ಗಾಳಿಗೆ ಅಲುಗುವ ಸಾವಿರಾರು ಎಲೆಗಳಿಗೂ ಹೊಡೆದಾಟದ ದೃಶ್ಯಕ್ಕೂ ಸಾಲದು.

ಆದರೆ ತಟ್ಟೆಯನ್ನು ಬದಲಿಸಿದ ಮಾತ್ರಕ್ಕೆ ಹಸುರು ಮರಳದು. ಗೀರುಬಿದ್ದು ಬಣ್ಣಗೆಟ್ಟ ಪ್ರತಿಯಿಂದ ತೆಗೆದ ಡಿ.ವಿ.ಡಿ. ಆ ಗೀರುಗಳನ್ನೇ ಸ್ಪಷ್ಟವಾಗಿ ತೋರಿಸೀತು. ಮೂಲ ನೆಗೆಟಿವ್‌ನಲ್ಲಿ ಈ ತಟ್ಟೆಗಳು ಹಿಡಿಯಲಾರದಷ್ಟು ವಿವರವಿರುತ್ತದೆ. ಆದರೆ ಸೆಕೆ, ತೇವಗಳಿಂದ ಅದರ ವರ್ಣಗಳು ಕುಂದುತ್ತವೆ. ಆದುದರಿಂದ ಹಳೆಯ ಚಿತ್ರಗಳ ಹಕ್ಕುದಾರರು ಮೊದಲು ಮೂಲವನ್ನು ತಂಪಾದ, ತೇವವಿಲ್ಲದ ಕೋಣೆಯಲ್ಲಿ ರಕ್ಷಿಸಿ, ಹೊಸ ಪ್ರತಿಯನ್ನು ಅದರಿಂದಲೇ ಸಿದ್ಧಪಡಿಸಬೇಕೆಂದು ನಾವು ಭಾವಿಸುತ್ತೇವೆ. ಕಾಡನ್ನು ಉಳಿಸಿರೆಂದು ಸಾರಿದ ಚಿತ್ರದಲ್ಲಿ ಕಾಡೇ ಅಳಿಯುವುದು ತರವೆ?